ಹರಕೆ ಯಾರಿಗೆ ಸಲ್ಲುತ್ತದೆ? ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಬೇಡಿಕೆಯ ಚರಿತ್ರೆ

ತುಮಕೂರು ಸೀಮೆಯಲ್ಲಿ ‘ಹರಕೆ’ ಎಂಬ ಮಾತನ್ನು ಎರಡು ಕಡೆಯಿಂದಲೂ ಬಳಸುತ್ತಾರೆ. ಹಿರಿಯರು ತಲೆ ಮುಟ್ಟಿ ‘ನೂರು ಕಾಲ ಬಾಳು’ ಅನ್ನುವುದು ಹರಕೆ. ಮಗನ ಜ್ವರ ಇಳಿದರೆ ಎಡೆಯೂರಿನಲ್ಲಿ ಮುಡಿ ಕೊಡಿಸುತ್ತೇನೆಂದು ತಾಯಿ ಹೊತ್ತುಕೊಳ್ಳುವುದೂ ಹರಕೆ. ಹಳಗನ್ನಡದ ‘ಪರಸು’, ‘ಪರಕೆ’ಗಳಿಂದ ಇಳಿದು ಬಂದ ಈ ಪದದಲ್ಲಿ ಮೇಲಿನಿಂದ ಬರುವ ಆಶೀರ್ವಾದ, ಕೆಳಗಿನಿಂದ ಹೋಗುವ ಬೇಡಿಕೆ ಎರಡೂ ಬೆಸೆದುಕೊಂಡಿವೆ. ದೇವರ ಮುಂದೆ ಕೈಯೊಡ್ಡುವುದು ಸರಿಯೇ ಎಂದು ಪಂಡಿತರು ವಾದಿಸಿದ್ದಾರೆ, ಶರಣರು ಗದರಿದ್ದಾರೆ. ಜನ ಬೇಡುವುದನ್ನು ಬಿಡಲಿಲ್ಲ. ಆದರೆ ಈ ಮೂರು ಊರುಗಳ ಚರಿತ್ರೆಯನ್ನು ಒಟ್ಟಿಗಿಟ್ಟು ನೋಡಿದರೆ ಆ ಪ್ರಶ್ನೆ ಮೆಲ್ಲಗೆ ಮಗ್ಗುಲು ಬದಲಿಸಿದ್ದು ಕಾಣುತ್ತದೆ. ಬೇಡಬಹುದೇ ಎಂಬುದು ಹಿಂದೆ ಸರಿದು, ಬೇಡಿಕೊಂಡವರು ಒಪ್ಪಿಸಿದ್ದು ಕೊನೆಗೆ ಯಾರ ತಟ್ಟೆಗೆ ಬೀಳುತ್ತದೆ ಎಂಬುದು ಮುಂದೆ ಬಂತು. ಅದು ಹೇಗಾಯಿತೆಂದು ನೋಡುವುದೇ ಈ ಲೇಖನದ ಉದ್ದೇಶ.

ಶಾಸ್ತ್ರದ ನಿಲುವು ಒಂದೇ ಆಗಿಲ್ಲ. ಮೀಮಾಂಸಕರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸಿದರು. ಫಲ ಬಯಸಿ ಮಾಡುವ ಕಾಮ್ಯವನ್ನು ಬಿಟ್ಟರೆ ದೋಷವಿಲ್ಲ. ಭಗವದ್ಗೀತೆಯ ಏಳನೆಯ ಅಧ್ಯಾಯ ಭಕ್ತರನ್ನು ನಾಲ್ಕು ಬಗೆಯಾಗಿ ಎಣಿಸುತ್ತದೆ. ಅದರಲ್ಲಿ ಸಂಕಟಕ್ಕೆ ಸಿಕ್ಕಿದವನೂ ಇದ್ದಾನೆ, ಹಣ ಬೇಕಾದವನೂ ಇದ್ದಾನೆ. ಜ್ಞಾನಿಯೇ ಶ್ರೇಷ್ಠನೆಂದರೂ ಉಳಿದವರನ್ನು ಅಲ್ಲಿ ಹೊರಗೆ ಹಾಕಿಲ್ಲ. ಇನ್ನು ಸೋಮವಾರ ಯಾವುದೇ ಶಿವಾಲಯಕ್ಕೆ ಹೋಗಿ ರುದ್ರಾಭಿಷೇಕಕ್ಕೆ ಕಿವಿಗೊಡಿ. ನಮಕದಲ್ಲಿ ನಮಸ್ಕಾರಗಳಾದ ಮೇಲೆ ಚಮಕ ಬರುತ್ತದೆ. ‘ನನಗೂ’ ಎಂಬ ಅರ್ಥದ ‘ಚ ಮೇ’ ಎಂಬ ಎರಡಕ್ಷರ ಮತ್ತೆ ಮತ್ತೆ ಮರಳುವುದರಿಂದಲೇ ಅದಕ್ಕೆ ಆ ಹೆಸರು. ಭತ್ತ, ಗೋಧಿ, ಎಳ್ಳು, ಹೆಸರು, ಉದ್ದು, ಕಲ್ಲು, ಮಣ್ಣು, ಮಳೆ, ಒಳ್ಳೆಯ ನಿದ್ದೆ ಎಲ್ಲವನ್ನೂ ಅಲ್ಲಿ ಹೆಸರು ಹಿಡಿದು ಕೇಳಲಾಗಿದೆ. ತೈತ್ತಿರೀಯ ಸಂಹಿತೆಯ ಈ ಭಾಗ ಸಂಸಾರಿಯೊಬ್ಬ ಕಣಜ ನೋಡಿಕೊಂಡು ಬರೆಸಿದ ಪಟ್ಟಿಯಂತಿದೆ. ಬೇಡುವುದೇ ಕೀಳೆನ್ನುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

ತುಮಕೂರಿನ ಪಕ್ಕದ ಮಂದರಗಿರಿಯ ಜಿನಾಲಯಗಳಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ತೀರ್ಥಂಕರ ವೀತರಾಗ. ಮೆಚ್ಚಿ ಕೊಡುವವನೂ ಅಲ್ಲ, ಮುನಿದು ಕಸಿಯುವವನೂ ಅಲ್ಲ. ವ್ರತ ಹಿಡಿದು ಮುಂದಿನ ಭೋಗ ಬಯಸುವುದನ್ನು ಜೈನಶಾಸ್ತ್ರ ‘ನಿದಾನ’ ಎಂದು ಕರೆದು, ಮನಸ್ಸಿಗೆ ಚುಚ್ಚಿಕೊಳ್ಳುವ ಮೂರು ಮುಳ್ಳುಗಳಲ್ಲಿ ಒಂದೆಂದು ಎಣಿಸಿತು. ಆದರೂ ಗೃಹಸ್ಥರಾದ ಶ್ರಾವಕರಿಗೆ ಮೊರೆಯಿಡಲು ಒಂದು ಮಡಿಲು ಬೇಕಿತ್ತು. ಪದ್ಮಾವತಿಯಂಥ ಯಕ್ಷಿಯರು ಕನ್ನಡ ನಾಡಿನಲ್ಲಿ ಅಷ್ಟು ದೊಡ್ಡವರಾದದ್ದು ಹೀಗೆ ಎಂದೇ ನನ್ನ ಎಣಿಕೆ.

ತುಮಕೂರಿಗೆ ಹತ್ತಿರದ ಕೈದಾಳದಲ್ಲಿ 1150ರ ಸುಮಾರಿಗೆ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಸಾಮಂತ ಬಾಚಿ ಶಿವನಿಗೂ ವಿಷ್ಣುವಿಗೂ ಜಿನನಿಗೂ ಗುಡಿ ಕಟ್ಟಿಸಿದ. ಬಿ.ಎಲ್. ರೈಸ್ ಅವರು 1904ರಲ್ಲಿ ತಂದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟ ಈ ಜಿಲ್ಲೆಯ ಶಾಸನಗಳದೇ. ಇಂಥ ಗುಡಿಗಳಿಗೆ ಕೊಟ್ಟ ನಮ್ಮ ಸೀಮೆಯ ದಾನಶಾಸನಗಳನ್ನು ಸಾಲಾಗಿ ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದಾನಿ ತನಗೆ ಬೇಕಾದ್ದನ್ನು ನೇರವಾಗಿ ಕೇಳುವುದು ಅಪರೂಪ. ತಂದೆಗೆ, ತಾಯಿಗೆ, ಒಡೆಯನಿಗೆ ಪುಣ್ಯವಾಗಬೇಕೆಂದು ಗದ್ದೆ ಬಿಡುತ್ತಾನೆ, ಕೆರೆ ಕಟ್ಟಿಸುತ್ತಾನೆ, ನಂದಾದೀಪಕ್ಕೆ ಎಣ್ಣೆ ಏರ್ಪಾಡು ಮಾಡುತ್ತಾನೆ. ಪುಣ್ಯ ಬೇರೆಯವರಿಗೆ, ಗದ್ದೆಯ ಫಸಲು ಗುಡಿಗೆ. ಕಲ್ಲಿನ ಮೇಲೆ ಕಾಣುವ ಬೇಡಿಕೆಗೆ ಹೀಗೊಂದು ಸಂಕೋಚವಿದೆ.

ಆ ಸಂಕೋಚವನ್ನು ಸಿದ್ಧಾಂತದ ಮಟ್ಟಕ್ಕೆ ಒಯ್ದವರು ಹನ್ನೆರಡನೆಯ ಶತಮಾನದ ಶರಣರು. ಕುರಿ ಕೋಳಿಗೆ ಕಾದು ಕೂರುವ ದೈವಗಳನ್ನು ಬಸವಣ್ಣ ತಿರಸ್ಕರಿಸಿದ. ಲಿಂಗ ಅಂಗೈಯಲ್ಲೇ ಇರುವಾಗ ದೂರದ ದೇವರಿಗೆ ಅರ್ಜಿ ಹಾಕುವುದೇಕೆ? ಬೇಕಾದ್ದನ್ನು ಕಾಯಕದಿಂದ ಗಳಿಸು, ಗಳಿಸಿದ್ದನ್ನು ದಾಸೋಹಕ್ಕೆ ಸಲ್ಲಿಸು ಎಂಬುದು ಅವರ ದಾರಿ. ಈ ವಿಚಾರದಲ್ಲಿ ನನಗೆ ಎಲ್ಲರಿಗಿಂತ ದೊಡ್ಡವಳಾಗಿ ಕಾಣುವವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಕಳಿಸಿದವಳು. ಬಡವರ ಮನೆಯೊಳಗಿಂದ ಬಂದ ಈ ಮಾತಿನ ತೂಕ ಯಾವ ಭಾಷ್ಯಕ್ಕೂ ಇಲ್ಲ.

ಶರಣರ ಆ ದಾರಿ ಕುಣಿಗಲ್ ಸೀಮೆಗೆ ಬಂದದ್ದು ತೋಂಟದ ಸಿದ್ಧಲಿಂಗ ಯತಿಗಳ ಜೊತೆ, 15-16ನೇ ಶತಮಾನಗಳ ಸಂಧಿಕಾಲದಲ್ಲಿ. ಹರದನಹಳ್ಳಿಯಲ್ಲಿ ಹುಟ್ಟಿ, ಗೋಸಲ ಚನ್ನಬಸವೇಶ್ವರರ ಶಿಷ್ಯರಾಗಿ, ನಾಗಿನಿ ನದಿಯ ದಂಡೆಯ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತವರು. ಎಡೆಯೂರಿನಲ್ಲಿ ಅವರ ಗದ್ದುಗೆ ಇದೆ. ‘ಷಟ್‌ಸ್ಥಲ ಜ್ಞಾನ ಸಾರಾಮೃತ’ದಲ್ಲಿ ಅವರ 701 ವಚನಗಳಿವೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲದ ಆರು ಮೆಟ್ಟಿಲುಗಳನ್ನು ಬೇಡಿಕೆಯ ಕಣ್ಣಿನಿಂದ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಭಕ್ತನ ಮೆಟ್ಟಿಲಲ್ಲಿ ಕೊಡುವವನು ಬೇರೆ, ಕೇಳುವವನು ಬೇರೆ. ಮೂರನೆಯದಾದ ಪ್ರಸಾದಿಯ ಮೆಟ್ಟಿಲಲ್ಲಿ ಬಂದದ್ದೆಲ್ಲ ಪ್ರಸಾದ. ಅಲ್ಲಿ ಕೇಳುವ ಕೈ ಸ್ವೀಕರಿಸುವ ಕೈಯಾಗುತ್ತದೆ. ಐಕ್ಯದಲ್ಲಿ ಯಾರು ಯಾರನ್ನು ಕೇಳುವುದು? ಹಾಗಾಗಿ ಷಟ್‌ಸ್ಥಲ ಬೇಡುವವನನ್ನು ಪಾಪಿ ಎಂದು ದೂಡುವುದಿಲ್ಲ, ಇನ್ನೂ ನಡೆಯಬೇಕಾದವನೆಂದು ತಿಳಿಯುತ್ತದೆ. ಇದು ನನ್ನ ಓದು.

ಕಗ್ಗೆರೆಯ ಸ್ಥಳಕಥೆ ಇನ್ನೊಂದು ಮಾತು ಹೇಳುತ್ತದೆ. ನಂಬಿಯಣ್ಣನೆಂಬ ಭಕ್ತ ಯತಿಗಳನ್ನು ಪೂಜೆಗೆ ಮನೆಗೆ ಕರೆದ. ಬಂದು ಕರೆದೊಯ್ಯುತ್ತೇನೆಂದು ಹೋದವನು ಮರೆತ. ಯತಿಗಳು ಕೂತಲ್ಲೇ ಇದ್ದರು, ಮೈಮೇಲೆ ಹುತ್ತ ಬೆಳೆಯಿತು, ಹಸು ಬಂದು ಹಾಲು ಕರೆಯಿತು. ನೆನಪಾಗಿ ಓಡಿಬಂದ ನಂಬಿಯಣ್ಣ ಹುತ್ತಕ್ಕೆ ಕೊಡಗಟ್ಟಲೆ ಹಾಲು ಸುರಿದು ಕರಗಿಸಿದ. ಈ ಕಥೆಯಲ್ಲಿ ಮಾತು ತಪ್ಪಿದವನು ಭಕ್ತ, ಕಾದವನು ಗುರು. ನಮ್ಮ ಕಡೆ ಹರಕೆ ಮರೆತವರಿಗೆ ದೇವರ ಮುನಿಸಿಗಿಂತ ‘ಅಲ್ಲಿ ಕಾಯಿಸಿಬಿಟ್ಟೆವಲ್ಲ’ ಎಂಬ ನಾಚಿಕೆ ಹೆಚ್ಚು ಕಾಡುವುದನ್ನು ನಾನು ಕಂಡಿದ್ದೇನೆ.

ಗುಬ್ಬಿಯಲ್ಲಿ ಸಿದ್ಧಲಿಂಗರ ಗುರು ಗೋಸಲ ಚನ್ನಬಸವೇಶ್ವರನ ಗುಡಿ ಇದೆ. ತೇರಿನ ದಿನ ಕಳಶಕ್ಕೆ ಗುರಿಯಿಟ್ಟು ಬಾಳೆಹಣ್ಣು, ದವನ ಎಸೆಯುವ ಹೊಸ ಜೋಡಿಗಳ ಮುಖ ನೋಡಬೇಕು. ಏನು ಕೇಳಿಕೊಂಡರೆಂದು ಯಾರೂ ಬಾಯಿಬಿಡುವುದಿಲ್ಲ. 1884ರಲ್ಲಿ ಹುಟ್ಟಿದ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿ ತನ್ನನ್ನು ಚನ್ನಬಸವೇಶ್ವರನ ‘ಕೃಪಾಪೋಷಿತ’ ಎಂದು ಕರೆದುಕೊಂಡಿತು. ಕೃಪೆ ಬೇಕೆಂದು ಕೇಳುವ ಹೆಸರಲ್ಲ, ಸಿಕ್ಕಿದೆ ಎಂದು ಒಪ್ಪಿಕೊಳ್ಳುವ ಹೆಸರು. ಊರಿನ ಹೆಸರಿಗೂ ಒಂದು ಕಥೆಯಿದೆ. ಪುರಾಣ ಓದುವ ಕಡೆ ಎರಡು ಗುಬ್ಬಿಗಳು ದಿನವೂ ಬಂದು ಕೂತು ಕೇಳುತ್ತಿದ್ದವು, ಪುರಾಣ ಮುಗಿದ ದಿನ ಅಲ್ಲೇ ಪ್ರಾಣ ಬಿಟ್ಟವು ಎನ್ನುತ್ತಾರೆ. ಏನನ್ನೂ ಬೇಡದ ಎರಡು ಹಕ್ಕಿಗಳ ಹೆಸರನ್ನು ಊರೇ ಹೊತ್ತುಕೊಂಡಿದೆ.

ಮಳೆಯ ಮಾತು ಬಂದಾಗ ಮಾತ್ರ ಈ ಬಯಲುಸೀಮೆಗೆ ಸಂಕೋಚ ಇರಲಿಲ್ಲ. ಮಳೆ ಹಿಂದೆಗೆದರೆ ಹುಡುಗರು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಹೆಂಗಸರು ಬಿಂದಿಗೆ ನೀರು ಸುರಿದು ರಾಗಿ, ಅಕ್ಕಿ ನೀಡುತ್ತಿದ್ದರು. ಕೂಡಿಬಂದ ಕಾಳಿನಲ್ಲಿ ಕೊನೆಗೆ ಊರೊಟ್ಟಿನ ಊಟ. 2019ರ ಜೂನ್‌ನಲ್ಲಿ ರಾಜ್ಯದ ಮುಜರಾಯಿ ಇಲಾಖೆ ತನ್ನ ದೇವಸ್ಥಾನಗಳಲ್ಲಿ ಮಳೆಗಾಗಿ ವಿಶೇಷ ಪೂಜೆ ನಡೆಸಲು ಹೇಳಿದಾಗ ಸರ್ಕಾರದ ಆದೇಶದಿಂದ ಬೇಡಬಹುದೇ ಎಂಬ ವಾದ ಎದ್ದಿತು. ಆ ವಾದ ನ್ಯಾಯವಾದದ್ದೇ. ಮಳೆರಾಯನ ಪೂಜೆಯಲ್ಲಿ ಪ್ರತಿ ಮನೆಯೂ ತನ್ನ ಮೊರದಿಂದ ಒಂದಿಷ್ಟು ಕೊಡುತ್ತಿತ್ತು. ಆದೇಶದ ಮೇಲೆ ಹೋಮಕುಂಡಕ್ಕೆ ಹೋಗುವ ದುಡ್ಡಿಗೆ ಆ ಪಾಲುದಾರಿಕೆ ಇಲ್ಲ.

ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ಸಿದ್ಧಗಂಗೆ ಮಠದ ಮೂಲಕಥೆಯೂ ನೀರಿನದೇ. ಬಾಯಾರಿದ ಮತ್ತೊಬ್ಬನಿಗಾಗಿ ಗೋಸಲ ಸಿದ್ಧೇಶ್ವರರು ಬಂಡೆಯಿಂದ ಗಂಗೆ ತರಿಸಿದರೆಂದು ಪ್ರತೀತಿ. 1941ರಿಂದ ಮಠ ನಡೆಸಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಅಲ್ಲಿ ಉಳಿದು ಓದುವ ಮಕ್ಕಳ ಅನ್ನಕ್ಕಾಗಿ ಹಳ್ಳಿಹಳ್ಳಿ ತಿರುಗಿ ರೈತರಿಂದ ಧಾನ್ಯ ಬೇಡಿದವರು. ಹೀಗೆ ಬೇಡುವ ಕೆಲಸವನ್ನು ಗುರುವೇ ವಹಿಸಿಕೊಂಡರು, ದೇವರ ಮುಂದಲ್ಲ, ಕಣದ ಮುಂದೆ. ಹರಕೆ ಹೊತ್ತವರ ರಾಗಿ, ಅಕ್ಕಿ, ತೆಂಗು ಬಂದು ಸೇರಲು ಒಂದು ಉಗ್ರಾಣ ಸಿಕ್ಕಿತು. ಜಾತಿಮತದ ಭೇದವಿಲ್ಲದೆ ಸಾವಿರಾರು ಮಕ್ಕಳು ಉಂಡು ಓದಿದರು.

ನಮ್ಮಜ್ಜಿ ಅಪ್ಪನಿಗೆ ವಿಷಮಜ್ವರ ಬಂದಾಗ ಅರಿಶಿನದಲ್ಲಿ ಅದ್ದಿದ ಬಟ್ಟೆಯ ಚೂರಿನಲ್ಲಿ ಒಂದು ರೂಪಾಯಿಯ ಮುಡಿಪು ಕಟ್ಟಿ ದೇವರ ಗೂಡಿನ ಮೊಳೆಗೆ ನೇತುಹಾಕಿದ್ದಳು. ಬಟ್ಟೆ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗುವಷ್ಟು ಕಾಲ ಅದು ಅಲ್ಲೇ ಇತ್ತು. ಮಳೆ ಚೆನ್ನಾಗಿ ಆದ ವರ್ಷ ಅಜ್ಜಿ ಮುಡಿಪು ಬಿಚ್ಚಿ, ಆ ನಾಣ್ಯವನ್ನು ಒಂದು ಮೂಟೆ ರಾಗಿಯ ಬಾಯಿಗೆ ಸೇರಿಸಿ ದಬ್ಬಳದಿಂದ ಹೊಲಿದು, ಗಾಡಿಯಲ್ಲಿ ಸಿದ್ಧಗಂಗೆಗೆ ಹೊರಟಳು. ‘ಎಡೆಯೂರಿಗಲ್ಲವೇನವ್ವಾ ಹರಕೆ?’ ಎಂದು ಅಪ್ಪ ಕೇಳಿದ. ‘ಸಿದ್ಧಲಿಂಗಪ್ಪನಿಗೇ ಕಣಪ್ಪ. ಅಲ್ಲಿ ಹುಡುಗರು ಉಣ್ಣುತ್ತವಲ್ಲ’ ಎಂದು ಎತ್ತಿನ ಹಗ್ಗ ಅವನ ಕೈಗೆ ಕೊಟ್ಟಳು.