ಯಾರ ಲೆಕ್ಕಕ್ಕೆ ಎಷ್ಟು?

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಒಂದೇ ಒಂದು ಯುನಿಕ್ಸ್ ಸರ್ವರ್, ಅದಕ್ಕೆ ಮೂವತ್ತು ಟರ್ಮಿನಲ್. ಇಡೀ ಕ್ಲಾಸಿಗೆ ಒಂದೇ ಲಾಗಿನ್. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಯಾರು ಏನು ಟೈಪ್ ಮಾಡಿದರೂ ಒಂದೇ ಉತ್ತರ ಬರತೊಡಗಿತು: 'ಕ್ಯಾನಾಟ್ ಫೋರ್ಕ್, ಟೂ ಮೆನಿ ಪ್ರೊಸೆಸಸ್'. ಹಿಂದಿನ ಸಾಲಿನ ಗೆಳೆಯನೊಬ್ಬ ಹೊಸ ಪ್ರೊಸೆಸ್ ಹುಟ್ಟಿಸುವ ಫೋರ್ಕ್ ಕರೆಯನ್ನು ಲೂಪಿನೊಳಗೆ ಬರೆದು, ಲೂಪ್ ನಿಲ್ಲಿಸೋದನ್ನೇ ಮರೆತಿದ್ದ.

"ಯಾವನೋ ಅವನು?" ಅಂತ ಸಾರ್ ಗದರಿದರು. ವಿಚಿತ್ರ ಅಂದ್ರೆ, ನಮ್ಮೆಲ್ಲರ ಟರ್ಮಿನಲ್ ಕೈಕೊಟ್ಟಿದ್ದರೂ ಸಾರ್ ಕೂತಿದ್ದ ಕನ್ಸೋಲ್ ಮಾತ್ರ ಆರಾಮಾಗಿ ನಡೀತಿತ್ತು. ಎರಡು ಕಮಾಂಡ್ ಕೊಟ್ಟು ನಮ್ಮ ಲಾಗಿನ್ನಿನ ಎಲ್ಲ ಪ್ರೊಸೆಸ್‌ಗಳನ್ನೂ ಕೊಂದರು. ಗೆಳೆಯನ ಲೂಪಿನ ಜೊತೆ ನಾನು ಸೇವ್ ಮಾಡದೇ ಇಟ್ಟಿದ್ದ ಪ್ರೋಗ್ರಾಮೂ ಹೋಯ್ತು. ಸಾರ್ ಕನ್ಸೋಲಿಗೆ ಯಾಕೆ ಏನೂ ಆಗಲಿಲ್ಲ, ತಪ್ಪೇ ಮಾಡದ ನಾನು ಯಾಕೆ ಸಿಕ್ಕಿಬಿದ್ದೆ? ಉತ್ತರ ಹುಡುಕಲು ಯುನಿಕ್ಸ್‌ನ ಬಾಲ್ಯಕ್ಕೆ ಹೋಗಬೇಕು.

1975ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಹೊರಬಂದ ಯುನಿಕ್ಸ್ ಆರನೇ ಆವೃತ್ತಿಯಲ್ಲಿ 'ಪ್ಯಾರಮ್ ಡಾಟ್ ಎಚ್' ಅನ್ನೋ ಪುಟ್ಟ ಫೈಲ್ ಇತ್ತು. ಕರ್ನಲ್‌ನ ಮಿತಿಗಳೆಲ್ಲ ಅಲ್ಲೇ. ಇಡೀ ಯಂತ್ರಕ್ಕೆ 50 ಪ್ರೊಸೆಸ್, ಒಟ್ಟು 100 ತೆರೆದ ಫೈಲ್, ಒಂದು ಪ್ರೊಸೆಸ್‌ಗೆ 15 ಫೈಲ್. ಅದು ಓಡುತ್ತಿದ್ದ ಪಿಡಿಪಿ-11 ಯಂತ್ರದ ವಿಳಾಸ 16 ಬಿಟ್‌ನದು, ಅಂದ್ರೆ ಒಮ್ಮೆಗೆ ಕೈಗೆಟುಕುವುದು 64 ಕಿಲೋಬೈಟ್. ಹಾಗಾಗಿ ಪ್ರೊಸೆಸ್‌ಗಳ ಪಟ್ಟಿಗೆ ಮೊದಲೇ ಅಳೆದು ಜಾಗ ಇಡುತ್ತಿದ್ದರು. ಮದುವೆ ಮನೆಯ ಪಂಕ್ತಿ ಇದ್ದ ಹಾಗೆ: ಹಾಕಿರೋದು ಐವತ್ತೇ ಎಲೆ. ಎಲೆ ಹೆಚ್ಚಿಸಬೇಕಂದ್ರೆ ಆ ಸಂಖ್ಯೆ ತಿದ್ದಿ, ಕರ್ನಲ್ಲನ್ನು ಮತ್ತೆ ಕಂಪೈಲ್ ಮಾಡಿ, ಯಂತ್ರವನ್ನು ಹೊಸದಾಗಿ ಶುರು ಮಾಡಬೇಕು.

ಆದರೆ ಎಲೆ ಮುಂದೆ ಕೂತವರು ಯಾರು ಅಂತ ಆರನೇ ಆವೃತ್ತಿ ಕೇಳುತ್ತಲೇ ಇರಲಿಲ್ಲ. ಖಾಲಿ ಜಾಗ ಕಂಡರೆ ಕೊಡು, ಇಲ್ಲದಿದ್ದರೆ ಇಲ್ಲ ಅನ್ನು, ಅಷ್ಟೇ. ಒಬ್ಬನೇ ಬಂದು ಐವತ್ತು ಎಲೆಗೂ ಕೈ ಹಾಕಬಹುದಿತ್ತು. ಯುನಿಕ್ಸ್‌ನ ಸುರಕ್ಷತೆ ಬಗ್ಗೆ ಬರೆದ ಲೇಖನದಲ್ಲಿ ಡೆನ್ನಿಸ್ ರಿಚಿಯೇ ಈ ದೌರ್ಬಲ್ಯವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ.

1979ರ ಏಳನೇ ಆವೃತ್ತಿಯಲ್ಲಿ ಎರಡು ಹೊಸ ಕಟ್ಟಳೆ ಬಂದವು. ಒಬ್ಬ ಬಳಕೆದಾರನಿಗೆ 25 ಪ್ರೊಸೆಸ್ ಮಾತ್ರ. ಪಟ್ಟಿಯ ಕೊನೆಯ ಜಾಗ ಸೂಪರ್‌ಯೂಸರ್‌ಗೆ ಮೀಸಲು. ಎರಡನೆಯದು ಯಾಕೆ ಬೇಕು ನೋಡಿ. ತುಂಟ ಯಾರು ಅಂತ ಪಟ್ಟಿ ತೆಗೆಯುವ 'ಪಿಎಸ್' ಕಮಾಂಡ್ ಕೂಡ ಒಂದು ಪ್ರೊಸೆಸ್ಸೇ. ಪಟ್ಟಿ ಪೂರ್ತಿ ತುಂಬಿಬಿಟ್ಟರೆ ಮನೆ ಯಜಮಾನನೇ ಬೀದಿಯಲ್ಲಿ. ನಮ್ಮ ಸಾರ್ ಕನ್ಸೋಲನ್ನು ಉಳಿಸಿದ್ದು ಇಂಥದ್ದೇ ಕಟ್ಟಳೆ: ಮಿತಿ ಮುಟ್ಟಿದ್ದು ನಮ್ಮ ಲಾಗಿನ್, ಅವರದ್ದಲ್ಲ.

ಬರ್ಕ್ಲಿಯವರು ಮುಂದೆ ಸಂಖ್ಯೆ ತಿದ್ದುವ ಕೆಲಸ ಸುಲಭ ಮಾಡಿದರು. ಕಾನ್ಫಿಗರೇಶನ್ ಫೈಲಿನಲ್ಲಿ 'ಮ್ಯಾಕ್ಸ್‌ಯೂಸರ್ಸ್' ಎಂಬ ಒಂದೇ ಸಂಖ್ಯೆ ಕೊಟ್ಟರೆ, ಅದನ್ನು ಎಂಟರಿಂದ ಗುಣಿಸಿ ಇಪ್ಪತ್ತು ಸೇರಿಸಿ ಪ್ರೊಸೆಸ್ ಪಟ್ಟಿಯ ಉದ್ದ ಸಿಗುತ್ತಿತ್ತು. 32 ಅಂತ ಬರೆದರೆ 276. ಹೆಸರು ನೋಡಿ ಮೋಸ ಹೋಗಬೇಡಿ, 33ನೇ ಬಳಕೆದಾರನನ್ನು ಅದೇನೂ ಬಾಗಿಲಲ್ಲಿ ತಡೆಯುತ್ತಿರಲಿಲ್ಲ. 1983ರ 4.2 ಬಿಎಸ್‌ಡಿಯ 'ಸೆಟ್‌ಆರ್‌ಲಿಮಿಟ್' ಬಂದಮೇಲೆ ಪ್ರತಿ ಪ್ರೊಸೆಸ್‌ಗೂ ಎರಡೆರಡು ಗೆರೆ: ತಾನೇ ಸರಿಸಿಕೊಳ್ಳಬಹುದಾದ ಮೆದು ಮಿತಿ, ಸೂಪರ್‌ಯೂಸರ್ ಬಿಟ್ಟರೆ ಬೇರೆಯವರು ಏರಿಸಲಾಗದ ಗಟ್ಟಿ ಮಿತಿ.

ಇಷ್ಟಾದರೂ ನನ್ನ ಪ್ರೋಗ್ರಾಮ್ ಉಳಿಯುತ್ತಿರಲಿಲ್ಲ. ಯಾಕಂದ್ರೆ ಕರ್ನಲ್ ಎಣಿಸುತ್ತಿದ್ದದ್ದು ಯೂಸರ್ ಐಡಿಯನ್ನು, ಮನುಷ್ಯರನ್ನಲ್ಲ. ಒಂದೇ ಲಾಗಿನ್ನಿನ ನಾವು ಮೂವತ್ತು ಜನ ಅದರ ಕಣ್ಣಿಗೆ ಒಬ್ಬನೇ. ಒಂದೇ ಐಡಿಯಡಿ ನಡೆಯುವ ಬೇರೆ ಬೇರೆ ಕೆಲಸಗಳನ್ನು ಗುಂಪು ಮಾಡಿ ಎಣಿಸಬಲ್ಲ ಸಿಗ್ರೂಪ್ ಕೆಲಸವನ್ನು 2006ರಲ್ಲಿ ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಶುರು ಮಾಡಿದರು. 2008ರ ಜನವರಿಯಲ್ಲಿ ಅದು ಲಿನಕ್ಸ್ 2.6.24ರ ಜೊತೆ ಹೊರಬಂತು. ಗುಂಪಿಗಿಷ್ಟೇ ಪ್ರೊಸೆಸ್ ಅನ್ನೋ ಮಿತಿ ಬರಲು 2015ರ 4.3 ಆವೃತ್ತಿವರೆಗೆ ಕಾಯಬೇಕಾಯ್ತು.

ಐವತ್ತೋ ಐವತ್ತು ಸಾವಿರವೋ, ಸಂಖ್ಯೆಯನ್ನು ಮೆಮೊರಿ ತೀರ್ಮಾನಿಸುತ್ತೆ. ಯಾರನ್ನು ಒಬ್ಬ ಅಂತ ಎಣಿಸಬೇಕು ಅನ್ನೋದನ್ನು ಮಾತ್ರ ಮನುಷ್ಯರೇ ತೀರ್ಮಾನಿಸಬೇಕು. ನಮ್ಮ ಸಾರ್‌ಗೆ ಇದು ಆವತ್ತೇ ಹೊಳೆದಿತ್ತು ಅನ್ಸುತ್ತೆ. ಗೆಳೆಯನಿಗೆ ಬೈದದ್ದು ಐದೇ ನಿಮಿಷ. ಮುಂದಿನ ವಾರ ಲ್ಯಾಬಿಗೆ ಹೋದಾಗ ಬೋರ್ಡಿನ ಮೇಲೆ ಮೂವತ್ತು ರೋಲ್ ನಂಬರ್, ಮೂವತ್ತು ಲಾಗಿನ್.