ವಿಂಡೋಸ್ ಬದಲಾದ ಮೇಲೆ ಹಳೆಯ ಆಟಗಳು ಇನ್‌ಸ್ಟಾಲ್ ಆಗದಿದ್ದರೆ



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಅನೇಕ ಮನೆಗಳ ಕಂಪ್ಯೂಟರ್ ವಿಂಡೋಸ್ 11ಕ್ಕೆ ಬಂದಿದೆ. ಮಕ್ಕಳು ಆಡುತ್ತಿದ್ದ ಹಳೆಯ ಆಟದ ಸಿ.ಡಿ. ಈಗ ಹಾಕಿದರೆ ಏನೋ ಎರರ್ ಬಂದು ನಿಲ್ಲುತ್ತದೆ. ‘ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುವ ಅಂಗಡಿಯವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಫೋಟೋಗಳು, ನುಡಿ–ಬರಹದಲ್ಲಿ ಟೈಪ್ ಮಾಡಿಟ್ಟ ಕಡತಗಳು ಹೋಗುತ್ತವೆ. ಮತ್ತೆ ಬರುವುದು ಅದೇ ವಿಂಡೋಸ್ 11, ಅದೇ ಎರರ್. ಮೊದಲು ಪರದೆಯ ಮೇಲಿನ ಸಂದೇಶವನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಕಾರಣದ ಸುಳಿವು ಬಹುಮಟ್ಟಿಗೆ ಅದರಲ್ಲೇ ಇರುತ್ತದೆ.

‘ದಿಸ್ ಆ್ಯಪ್ ಕಾಂಟ್ ರನ್ ಆನ್ ಯುವರ್ ಪಿಸಿ’ ಎಂದು ಬಂದರೆ ಅದು 16 ಬಿಟ್ ಕಾಲದ್ದಿರಬಹುದು. 64 ಬಿಟ್ ವಿಂಡೋಸ್ ಅಂಥ ಪ್ರೋಗ್ರಾಂಗಳನ್ನು ನಡೆಸುವುದಿಲ್ಲ. ವಿಂಡೋಸ್ 10ರಲ್ಲಿ 32 ಬಿಟ್ ಆವೃತ್ತಿಯೂ ಇತ್ತು, 11ರಲ್ಲಿ ಇಲ್ಲ. 1990ರ ದಶಕದ ಕೆಲವು ಸಿ.ಡಿ.ಗಳಲ್ಲಿ ಆಟ 32 ಬಿಟ್, ಸೆಟಪ್ ಮಾತ್ರ 16 ಬಿಟ್. ಮನೆ ಗಟ್ಟಿಯಾಗಿದೆ, ಬಾಗಿಲು ತೆರೆಯುವುದಿಲ್ಲ. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ದಂಥ ಡಾಸ್ ಆಟಗಳಿಗೆ ಡಾಸ್‌ಬಾಕ್ಸ್ ಎಂಬ ಉಚಿತ ಪ್ರೋಗ್ರಾಂ ಇದೆ. (ಊಟದ ಬಿಡುವಿನಲ್ಲಿ ಈ ಆಟ ಆಡಿದ ಗುಮಾಸ್ತರು ನಮ್ಮಲ್ಲಿ ಕೆಲವರಾದರೂ ಇದ್ದಾರು.)

‘ಏಜ್ ಆಫ್ ಎಂಪೈರ್ಸ್’ನ ಹಳೆಯ ಸಿ.ಡಿ. ‘ಡೈರೆಕ್ಟ್‌ಪ್ಲೇ’ ಕೇಳುತ್ತದೆ. ಅದು ವಿಂಡೋಸ್‌ನೊಳಗೇ ಇದೆ, ಆಫ್ ಆಗಿರುತ್ತದೆ ಅಷ್ಟೆ. ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ತೆರೆದು, ‘ಲೆಗಸಿ ಕಾಂಪೊನೆಂಟ್ಸ್’ ಅಡಿಯಲ್ಲಿ ಟಿಕ್ ಹಾಕಿ. ‘ಡಿ3ಡಿಎಕ್ಸ್9’ ಎಂದು ಶುರುವಾಗುವ ಡಿ.ಎಲ್.ಎಲ್. ಕಡತ ಇಲ್ಲ ಎಂದರೆ ಮೈಕ್ರೋಸಾಫ್ಟಿನದೇ ‘ಡೈರೆಕ್ಟ್‌ಎಕ್ಸ್ ಎಂಡ್ ಯೂಸರ್ ರನ್‌ಟೈಮ್’ ಹಾಕಿಕೊಳ್ಳಿ. ಬಿಡಿ ಡಿ.ಎಲ್.ಎಲ್. ಹಂಚುವ ತಾಣಗಳ ಕಡೆ ಹೋಗಬೇಡಿ.

ಇನ್ನೊಂದು ಕಾರಣ ನಮ್ಮಂಥವರಿಗೇ ವಿಶೇಷ. ಖಾತೆಯ ಹೆಸರನ್ನು ಅಭಿಮಾನದಿಂದ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದರೆ ಅದೇ ಹೆಸರಿನ ಫೋಲ್ಡರ್ ಆಗಿರುತ್ತದೆ, ಸೆಟಪ್ ತನ್ನ ತಾತ್ಕಾಲಿಕ ಕಡತಗಳನ್ನು ಬಿಚ್ಚುವುದೂ ಅದರೊಳಗೇ. ಯೂನಿಕೋಡ್ ಅರಿಯದ ಹಳೆಯ ಸೆಟಪ್‌ಗೆ ಕನ್ನಡ ಅಕ್ಷರಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಫೋಲ್ಡರ್ ಸಿಗದೆ ಅರ್ಧಕ್ಕೆ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹೆಸರು ಬದಲಿಸಿದರೆ ಫೋಲ್ಡರ್‌ನ ಹೆಸರು ಬದಲಾಗುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ ತೆರೆದು ಅಲ್ಲಿಂದ ಇನ್‌ಸ್ಟಾಲ್ ಮಾಡಿ, ಅಲ್ಲೇ ಆಡಿ. ಕನ್ನಡದ ಖಾತೆ ಹಾಗೆಯೇ ಇರಲಿ.

ಇನ್‌ಸ್ಟಾಲ್ ಆಗಿ, ಸಿ.ಡಿ. ಒಳಗಿದ್ದರೂ ಆಟ ಶುರುವಾಗದಿದ್ದರೆ? 2000ರ ಆಸುಪಾಸಿನ ಹಲವು ಆಟಗಳಲ್ಲಿ ನಕಲು ತಡೆಯಲು ‘ಸೇಫ್‌ಡಿಸ್ಕ್’ ಎಂಬ ಬೀಗ ಇತ್ತು. ಆ ಬೀಗದ ಡ್ರೈವರ್‌ನಲ್ಲೇ ಭದ್ರತಾ ದೋಷವಿದ್ದದ್ದು 2007ರಲ್ಲಿ ಹೊರಬಂತು. 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಕೈಬಿಟ್ಟಿತು. ಕಾಸು ಕೊಟ್ಟು ಕೊಂಡ ಸಿ.ಡಿ. ಕೆಲಸ ಮಾಡದಿರುವುದು ಅನ್ಯಾಯವೇ ಸರಿ. ಆದರೂ ಮಕ್ಕಳು ಇಲ್ಲಿ ‘ಕ್ರ್ಯಾಕ್’ ಹುಡುಕಲು ಹೊರಡುತ್ತಾರೆ, ಅದು ‘ಆ್ಯಂಟಿವೈರಸ್ ಆಫ್ ಮಾಡಿ’ ಎನ್ನುತ್ತದೆ. ಅದೇ ಕಂಪ್ಯೂಟರಿನಲ್ಲಿ ನೀವು ಬ್ಯಾಂಕ್ ಪಾಸ್‌ವರ್ಡ್ ಒತ್ತುತ್ತೀರಿ, ಪಿಂಚಣಿ ನೋಡುತ್ತೀರಿ. ಬೇಡ. ಆಟದ ಕಂಪನಿಯೇ ಪ್ಯಾಚ್ ಕೊಟ್ಟಿದೆಯೇ ನೋಡಿ. ಇಲ್ಲವಾದರೆ ಸ್ಟೀಮ್ ಅಥವಾ ಜಿಒಜಿಯಲ್ಲಿ ಹೊಸ ವಿಂಡೋಸ್‌ಗೆ ಹೊಂದಿಸಿದ ಆವೃತ್ತಿ ಇದ್ದರೆ ಕೊಳ್ಳಿ. ರಿಯಾಯಿತಿ ದಿನಗಳಲ್ಲಿ ಅಗ್ಗಕ್ಕೂ ಸಿಗುತ್ತವೆ.

ಆಟವನ್ನು ತೆಗೆದು ಮತ್ತೆ ಹಾಕುವ ಮುನ್ನ ಮಗುವಿನ ‘ಸೇವ್’ ಕಡತಗಳನ್ನು ಪೆನ್‌ಡ್ರೈವ್‌ಗೆ ಪ್ರತಿ ಮಾಡಿಕೊಳ್ಳಿ. ಡಾಕ್ಯುಮೆಂಟ್ಸ್‌ನ ‘ಮೈ ಗೇಮ್ಸ್’ನಲ್ಲೋ ಆಟದ ಫೋಲ್ಡರಿನಲ್ಲೋ ಇರುತ್ತವೆ. ಇಷ್ಟಕ್ಕೂ ಬಗೆಹರಿಯದಿದ್ದರೆ ಆಟದ ಹೆಸರು, ವರ್ಷ ಮತ್ತು ಎರರ್ ಸಂದೇಶದ ಫೋಟೋವನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ.

– ಕಾರ್ಯದರ್ಶಿ