ಹುಬ್ಬಳ್ಳಿಯ ಎಂಜಿನುಗಳೂ ಘಟ್ಟದ ಏರೂ

ಕುಂದಗೋಳ ತಾಲೂಕಿನ ಯರಗುಪ್ಪಿಯಂತಹ ಎರೆಭೂಮಿಯ ಊರುಗಳವರಿಗೆ ರೈಲಿನ ತವರೆಂದರೆ ಹುಬ್ಬಳ್ಳಿ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಈ ಪ್ರಾಂತದಲ್ಲಿ ಮೀಟರ್ ಗೇಜಿನ ಹಳಿಗಳನ್ನು ಹಾಕಿಸಿತು. ಉಗಿಯ ಎಂಜಿನುಗಳ ಆ ಕಾಲವನ್ನು ಕುರಿತು ಬಲ್ಲವರು ಹಲವರುಂಟು. ನಾವಿಲ್ಲಿ ವಿಚಾರಿಸಹೊರಟಿರುವುದು ಈಚಿನದಾದರೂ ಇತಿಹಾಸಕಾರರ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಸಂಗತಿಯನ್ನು: ಎಂಜಿನನ್ನು ಅದರ ಮೋಟಾರಿನ ಜಾತಿ ನೋಡಿ ಆರಿಸಿದ್ದನ್ನು. (ಆಟಿಕೆಯ ರೈಲನ್ನು ಕೊಳ್ಳುವ ಹವ್ಯಾಸಿಯೂ ಮೊದಲು ಕೇಳುವುದು ಮೋಟಾರನ್ನೇ.)

ಡೀಸೆಲ್ ಎಂಜಿನು ಗಾಲಿಯನ್ನು ತಾನೇ ತಿರುಗಿಸುವುದಿಲ್ಲ. ಅದು ವಿದ್ಯುತ್ತನ್ನು ಉತ್ಪಾದಿಸುತ್ತದೆ, ಗಾಲಿಯನ್ನು ತಿರುಗಿಸುವುದು ಮೋಟಾರು. ದೇಶದಲ್ಲೆಲ್ಲ ಹೆಸರಾದ 2,600 ಅಶ್ವಶಕ್ತಿಯ ಡಬ್ಲ್ಯು. ಡಿ. ಎಂ. 2 ಎಂಜಿನಿನಲ್ಲಿದ್ದುದು ಡಿ. ಸಿ. ಮೋಟಾರು. ಬಯಲುಸೀಮೆಯಲ್ಲಿ ಅದಕ್ಕೆ ಕೊರತೆಯಿರಲಿಲ್ಲ. ಕ್ಯಾಸಲ್ ರಾಕ್‌ನಿಂದ ಕುಳೆಯವರೆಗಿನ ಘಟ್ಟದಲ್ಲಾದರೋ ಹಳಿಯು 37 ಅಡಿಗೆ ಒಂದು ಅಡಿ ಏರುತ್ತದೆ. ಈ ಏರಿನಲ್ಲಿ ಪ್ರತಿ ಟನ್ನಿಗೆ 27 ಕಿಲೋಗ್ರಾಮಿನಷ್ಟು ಸೆಳೆತ ಬೇಕು. ಸಾವಿರ ಟನ್ನಿನ ಗಾಡಿಗೆ 27 ಟನ್ನು. ಡಬ್ಲ್ಯು. ಡಿ. ಎಂ. 2ರ ಸೆಳೆತ ಹೊರಡುವಾಗ ಸುಮಾರು 30 ಟನ್ನು. ತನ್ನದೇ 113 ಟನ್ನಿನ ಭಾರವನ್ನು ಹತ್ತಿಸಲು ಮೂರು ಟನ್ನು ಕಳೆದರೆ ಉಳಿಯುವುದು ಶೂನ್ಯ. ಮೇಲಾಗಿ ಸಹ್ಯಾದ್ರಿಯ ಮಳೆಯಲ್ಲಿ ಗಾಲಿ ಜಾರಿದೊಡನೆ ಈ ಮೋಟಾರು ವೇಗವಾಗಿ ತಿರುಗತೊಡಗುತ್ತದೆ, ನಿಧಾನವಾಗಿ ಬಹುಹೊತ್ತು ಎಳೆದರೆ ಕಾಯುತ್ತದೆ, ಬ್ರಷ್ಷುಗಳೂ ಸವೆಯುತ್ತವೆ.

1990ರ ದಶಕದಲ್ಲಿ ಹಳಿಗಳು ಅಗಲಗೊಂಡು ಭಾರದ ಗಾಡಿಗಳು ಘಟ್ಟಕ್ಕೆ ಬಂದವು. 1999ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಿಂದ ಬಂದ ಡಬ್ಲ್ಯು. ಡಿ. ಜಿ. 4 ಎಂಜಿನುಗಳಿಗೆ ಹುಬ್ಬಳ್ಳಿಯ ಡೀಸೆಲ್ ಷೆಡ್ಡು ನೆಲೆಯಾಯಿತು. ಮುಂದೆ ಅವು ವಾರಾಣಸಿಯಲ್ಲಿಯೂ ತಯಾರಾದವು. 4,000 ಅಶ್ವಶಕ್ತಿಯ ಇವುಗಳಲ್ಲಿರುವುದು ಮೂರು ಫೇಸಿನ ಎ. ಸಿ. ಮೋಟಾರು. ಬ್ರಷ್ಷಿನ ಗೊಡವೆ ಅದಕ್ಕಿಲ್ಲ. ಒದಗಿಸುವ ವಿದ್ಯುತ್ತಿನ ಆವರ್ತನವೇ ಅದರ ವೇಗಕ್ಕೆ ಎಲ್ಲೆ ಕಟ್ಟುವುದರಿಂದ ಜಾರಿದ ಗಾಲಿ ಹುಚ್ಚೆದ್ದು ತಿರುಗಲಾರದು. ಸೆಳೆತ 50 ಟನ್ನನ್ನೂ ಮೀರಿತು.

ಘಟ್ಟವೊಂದೇ ಈ ಆಯ್ಕೆಗೆ ಕಾರಣವೆಂದು ನಾವು ಹೇಳೆವು. ಆದರೆ ಹುಬ್ಬಳ್ಳಿಗೆ ಅವು ಸಂದುದನ್ನು ಘಟ್ಟವನ್ನು ಬಿಟ್ಟು ವಿವರಿಸುವುದು ಕಷ್ಟ. ಬಳ್ಳಾರಿ ಸೀಮೆಯ ಅದಿರು ಮುರಗಾವಿಗೆ ಇಳಿಯುತ್ತಿತ್ತು, ಕಲ್ಲಿದ್ದಲು ಅಲ್ಲಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಏರುತ್ತಿತ್ತು. ಇಳಿಯುವಾಗಲೂ ಮೋಟಾರಿನದೇ ಕೆಲಸ: ಅದನ್ನು ಜನರೇಟರಿನಂತೆ ದುಡಿಸಿ ಗಾಡಿಯನ್ನು ತಡೆಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಏರಿಗಿಂತ ಈ ಇಳಿತವೇ ಹೆಚ್ಚಿನ ಪರೀಕ್ಷೆ; ಏರಲಾರದ ಗಾಡಿ ನಿಂತೀತು, ತಡೆಯಲಾರದ ಗಾಡಿ ನಿಲ್ಲದು.

2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಗಾಡಿಯು ಕುಂದಗೋಳದ ಹಳಿಯ ಮೇಲೆಯೇ ಹಾದುಹೋಗುತ್ತದೆ. ಮೋಟಾರು ಅದೇ ಮೂರು ಫೇಸಿನದು. ನಡುವಿನ ಡೀಸೆಲ್ಲು ಮಾತ್ರ ಇಲ್ಲ.